ಹಳೆ ಟ್ರ್ಯಾಕ್ಟರಿನ ಮೈಬಣ್ಣ ಉಳಿಸುವ ಬಗೆ

ಮೂವತ್ತು ನಲವತ್ತು ವರ್ಷ ದುಡಿದ ಟ್ರ್ಯಾಕ್ಟರಿನ ಮೈಮೇಲೆ ಅದರ ಕೆಲಸವೆಲ್ಲ ಅಚ್ಚಾಗಿರುತ್ತದೆ. ಕ್ಲಚ್ ಪೆಡಲಿನ ಅಂಚು ಕಾಲು ತಾಗಿ ತಾಗಿ ಬೆಳ್ಳಗೆ ಹೊಳೆಯುತ್ತದೆ. ಗೇರ್ ಹಿಡಿಯ ಗುಂಡು ಒಂದು ಪಕ್ಕ ಮಾತ್ರ ಸವೆದಿರುತ್ತದೆ. ಮಡ್ಗಾರ್ಡಿನ ಮೇಲೆ ಆಳು ಕೂತ ಜಾಗದಲ್ಲಿ ಕೆಂಪು ಬಣ್ಣ ಹೋಗಿ ಪ್ರೈಮರ್ ಕಂಡಿರುತ್ತದೆ, ನಟ್ಟನಡುವೆ ಪ್ರೈಮರೂ ಹೋಗಿ ಕಬ್ಬಿಣ ಕಂದು ತಿರುಗಿರುತ್ತದೆ. ಬಿಸಿಲು ನೇರ ಬೀಳುವ ಬಾನೆಟ್ಟಿನ ಮೇಲ್ಭಾಗ ಮಂಕಾಗಿದ್ದರೆ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಕಾರ್ಖಾನೆಯ ಬಣ್ಣ ಇನ್ನೂ ಹಾಗೇ ಇರುತ್ತದೆ. ಬಣ್ಣದ ಗನ್ನು ಹಿಡಿದವರು ಎಷ್ಟೇ ನುರಿತವರಾದರೂ ಇದನ್ನು ಮತ್ತೆ ಸೃಷ್ಟಿಸಲಾರರು. ಹಾಗಿದ್ದೂ ದಸರೆ ಹತ್ತಿರ ಬಂದಾಗ ಊರೂರಲ್ಲಿ ಈ ಮೈಯನ್ನು ಉಜ್ಜಿ ತೆಗೆದು, ಪುಟ್ಟಿ ಮೆತ್ತಿ, ಮಿರಮಿರ ಮಿಂಚುವ ಹೊಸ ಬಣ್ಣ ಹೊಡೆಸುತ್ತಾರೆ. ಹೊಡೆಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಹೊಡೆಸುವ ಮೊದಲು, ಇರುವುದನ್ನು ಉಳಿಸಿಕೊಳ್ಳುವ ದಾರಿಯೂ ಒಂದಿದೆ ಎಂಬುದು ಗೊತ್ತಿರಬೇಕು. ಅದಕ್ಕೆ ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು.

ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆ ಟ್ರ್ಯಾಕ್ಟರ್ ಸಂಗ್ರಹಿಸುವವರು ಈ ಹಳೆಮೈಯನ್ನು ಪಟಿನಾ ಎನ್ನುತ್ತಾರೆ. ಬಣ್ಣ ಹೊಡೆಯದ, ಮೂಲರೂಪದ ಟ್ರ್ಯಾಕ್ಟರಿಗೆ ಅಲ್ಲಿ ಬೇರೆಯೇ ಗೌರವವಿದೆ. ಅವರ ಅನುಭವ ನಮಗೂ ನೇರವಾಗಿ ಒದಗುತ್ತದೆ, ಏಕೆಂದರೆ ನಮ್ಮ ಕೊಟ್ಟಿಗೆ ಪಕ್ಕದಲ್ಲಿ ನಿಂತಿರುವ ಹಳಬರಲ್ಲಿ ಹಲವರು ಅಲ್ಲಿಯ ವಂಶದವರೇ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1958ರಿಂದ ಇಂಗ್ಲೆಂಡಿನ ಡಾನ್‌ಕ್ಯಾಸ್ಟರಿನಲ್ಲಿ ತಯಾರಿಸಿದ ಬಿ-275 ಟ್ರ್ಯಾಕ್ಟರೇ, ಮಹೀಂದ್ರಾ ಜೊತೆ 1963ರಲ್ಲಿ ಹುಟ್ಟಿದ ಕಂಪನಿಯ ಮೂಲಕ ಇಲ್ಲಿ ಮನೆಮಾತಾಯಿತು. ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯ ಮ್ಯಾಸಿ ಫರ್ಗುಸನ್ 35ರ ವಂಶದ್ದು ನಮ್ಮ ಟಾಫೆಯ 1035. ಎಚ್‌ಎಂಟಿ ಮಾತ್ರ ಚೆಕ್ ದೇಶದ ಜೆಟರ್ ಕಡೆಯಿಂದ ಬಂತು. ಹುಟ್ಟೂರು ಯಾವುದಾದರೂ ಮೈ ಬಹುಮಟ್ಟಿಗೆ ಒಂದೇ ತರಹ: ತಗಡಿನ ಬಾನೆಟ್ಟು ಮಡ್ಗಾರ್ಡು, ಬೀಡು ಕಬ್ಬಿಣದ ಎಂಜಿನ್ ಮತ್ತು ಗೇರ್ ಬಾಕ್ಸ್, ಮೇಲೆ ಸಾಮಾನ್ಯವಾಗಿ ಆಲ್ಕಿಡ್ ಎನಾಮೆಲ್ ಬಣ್ಣ.

ಆ ಬಣ್ಣದಲ್ಲಿ ಎರಡು ಅಂಶ ಮುಖ್ಯ. ಬಣ್ಣ ಕೊಡುವ ಪುಡಿ ಒಂದು, ಆ ಪುಡಿಯನ್ನು ಹಿಡಿದಿಟ್ಟುಕೊಳ್ಳುವ ಅಂಟು ಇನ್ನೊಂದು. ಬಿಸಿಲಿನ ನೇರಳಾತೀತ ಕಿರಣ ಮೊದಲು ಕೆಡಿಸುವುದು ಅಂಟನ್ನು. ಮೇಲ್ಪದರದ ಅಂಟು ಒಡೆದು ಹೋದಂತೆ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ನಯವಾಗಿದ್ದ ಮೈ ತರಿತರಿಯಾಗಿ, ಬೆಳಕು ಎಲ್ಲ ದಿಕ್ಕಿಗೂ ಚದುರಿ, ಕೆಂಪು ಬಣ್ಣ ಬೆಳ್ಳಗೆ ಬೂದಿ ಬಳಿದಂತೆ ಕಾಣುತ್ತದೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆಗಿರುವುದು ಇದೇ. ಒಳಗಿನ ಬಣ್ಣ ಇನ್ನೂ ಗಟ್ಟಿಯಾಗಿರುತ್ತದೆ. ಆದರೆ ಅದು ತೀರ ತೆಳು, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ಹೊಳಪು ಬರಲೆಂದು ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದಾಗ ಹೊಳೆಯುವುದು ನಿಜ. ಹೊಳಪಿನ ಜೊತೆಗೆ ಬಟ್ಟೆಯಲ್ಲಿ ಹೋಗುವುದು ಮಾತ್ರ ಮೂಲ ಬಣ್ಣವೇ. ಅಂಚುಗಳಲ್ಲಿ, ಉಬ್ಬುಗಳಲ್ಲಿ ಅದು ನೋಡನೋಡುತ್ತ ಕಬ್ಬಿಣಕ್ಕೆ ಮುಟ್ಟುತ್ತದೆ.

ಇನ್ನು ತುಕ್ಕು. ಹಳೆಮೈ ಇಷ್ಟಪಡುವವರು ಎಡವುವುದು ಇಲ್ಲಿಯೇ. ತಾಮ್ರದ ಮೇಲೆ ಕಟ್ಟುವ ಹಸಿರು ಕಿಲುಬು ಕೆಳಗಿನ ತಾಮ್ರವನ್ನು ಒಂದಷ್ಟು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಉಬ್ಬುತ್ತದೆ, ಪಕ್ಕದ ಬಣ್ಣವನ್ನು ಎತ್ತಿ ಬಿಡಿಸುತ್ತದೆ, ಬಿಡಿಸಿದ ಸಂದಿಯಲ್ಲಿ ನೀರು ಹಿಡಿದಿಟ್ಟುಕೊಂಡು ಮುಂದಕ್ಕೆ ಹಬ್ಬುತ್ತದೆ. ಆದ್ದರಿಂದ ತುಕ್ಕನ್ನೇ ಪಟಿನಾ ಎಂದುಕೊಂಡು ಹಾಗೇ ಬಿಟ್ಟರೆ ಕೆಲವು ಮಳೆಗಾಲಗಳಲ್ಲಿ ಪಟಿನಾವೂ ಇರುವುದಿಲ್ಲ, ತಗಡೂ ಇರುವುದಿಲ್ಲ. ಉಳಿಸಬೇಕಾದದ್ದು ಉಳಿದ ಬಣ್ಣವನ್ನು, ಸವೆದ ಗುರುತುಗಳನ್ನು, ಗಟ್ಟಿಯಾಗಿ ಕೂತ ಕಪ್ಪುಕಂದು ಬಣ್ಣದ ತೆಳು ತುಕ್ಕನ್ನು. ನಿಲ್ಲಿಸಬೇಕಾದದ್ದು ಜೀವಂತ ತುಕ್ಕನ್ನು. ಎರಡನ್ನೂ ಗುರುತಿಸಲು ಬೆರಳು ಸಾಕು. ಒರಸಿದರೆ ಕಿತ್ತಳೆ ಪುಡಿ ಹತ್ತುತ್ತದೆಯೇ, ಉಗುರು ತಾಗಿಸಿದರೆ ಹಕ್ಕಳೆ ಏಳುತ್ತದೆಯೇ, ಮಳೆ ಬಂದ ಮರುದಿನ ಬಣ್ಣದ ಮೇಲೆ ಕಂದು ಗೆರೆ ಇಳಿದಿರುತ್ತದೆಯೇ? ಹಾಗಿದ್ದರೆ ಅದು ಇನ್ನೂ ತಿನ್ನುತ್ತಿದೆ.

ಕೈ ಹಾಕುವ ಮೊದಲು ಟ್ರ್ಯಾಕ್ಟರಿನ ಎಲ್ಲ ಮಗ್ಗುಲಿನ ಫೋಟೊ ತೆಗೆದಿಡಿ. ಆಮೇಲೆ ಅದು ನಿಜಕ್ಕೂ ಮೂಲ ಬಣ್ಣವೇ ಎಂದು ಪತ್ತೆಮಾಡಿ. ನಂಬರ್ ಪ್ಲೇಟಿನ ಹಿಂಬದಿ, ಬ್ಯಾಟರಿ ಪೆಟ್ಟಿಗೆಯ ಅಡಿ, ಬಾನೆಟ್ಟಿನ ಒಳಮೈ, ಬೋಲ್ಟಿನ ವಾಷರ್ ಕೆಳಗೆ ನೋಡಿದರೆ ಒಂದೇ ಪದರವೋ ಮೂರು ಪದರವೋ ತಿಳಿಯುತ್ತದೆ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್ಗಾರ್ಡಿನ ಮೇಲೆ ಆಡಿಸಿ. ಹಿಡಿತ ಸಡಿಲವಾದ ಕಡೆ ಕೆಳಗೆ ಪುಟ್ಟಿ ಇದೆ. ಎರಡನೆಯ ಬಣ್ಣವೂ ಇಪ್ಪತ್ತೈದು ವರ್ಷದ್ದಾಗಿದ್ದರೆ ಅದನ್ನೂ ಉಳಿಸಬಹುದು. ಎಲ್ಲವೂ ಕಾರ್ಖಾನೆಯದ್ದೇ ಆಗಿರಬೇಕು ಎಂಬ ಹಟ ನನಗಂತೂ ಇಲ್ಲ. ಟ್ರ್ಯಾಕ್ಟರಿನ ಮಾಲೀಕ ತನ್ನೂರ ಪೇಂಟರ್ ಕೈಲಿ ಬರೆಸಿದ ‘ಶ್ರೀ ಬಸವೇಶ್ವರ ಪ್ರಸನ್ನ’ವೂ, ಟ್ರೈಲರ್ ಹಿಂದಿನ ತಾವರೆಯೂ ಡಾನ್‌ಕ್ಯಾಸ್ಟರಿನಿಂದ ಬಂದದ್ದಲ್ಲ. ಆದರೆ ಅವು ಆ ಗಾಡಿಯ ಬದುಕಿನ ಭಾಗ. ಬ್ರಷ್ಷಿನಿಂದ ಬರೆದ ಇಂಥ ಅಕ್ಷರಗಳೇ ಎಲ್ಲಕ್ಕಿಂತ ಬೇಗ ಅಳಿಯುವುದರಿಂದ ಅವಕ್ಕೇ ಮೊದಲ ಕಾವಲು ಬೇಕು.

ತೊಳೆಯುವ ವಿಷಯಕ್ಕೆ ಬರೋಣ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ನಿಗೆ ಒಡ್ಡಬೇಡಿ. ಬಿರುಕು ಬಿಟ್ಟ ಬಣ್ಣದಡಿಗೆ ನೀರು ನುಗ್ಗಿ ಹಾಳೆ ಹಾಳೆಯಾಗಿ ಎತ್ತುತ್ತದೆ, ಸ್ಟಿಕ್ಕರು ಹರಿದು ಹೋಗುತ್ತದೆ, ಬೇರಿಂಗಿಗೂ ವೈರಿಂಗಿಗೂ ನೀರು ಇಳಿಯುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣ ಧೂಳು ತೆಗೆಯಿರಿ. ಆಮೇಲೆ ಬಕೆಟ್ಟಿನಲ್ಲಿ ಸೌಮ್ಯವಾದ ಕಾರ್ ಶಾಂಪೂ ಕಲಸಿ, ಸ್ಪಂಜು ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಭಾಗ ಒರಸುತ್ತ ಬನ್ನಿ. ಬಟ್ಟೆ ಒಗೆಯುವ ಪುಡಿ, ವಾಷಿಂಗ್ ಸೋಡ ಬೇಡ. ಅವುಗಳ ಕ್ಷಾರ ಎಣ್ಣೆ ಮೂಲದ ಅಂಟನ್ನೇ ಕೆಡಿಸುತ್ತದೆ. ತೊಳೆದ ಭಾಗವನ್ನು ಅಲ್ಲಲ್ಲೇ ಒರಸಿ, ಬ್ಲೋವರ್ ಇದ್ದರೆ ಸಂದಿಗಳಿಗೆ ಗಾಳಿ ಹೊಡೆದು ಒಣಗಿಸಿ. ಬರಿ ಕಬ್ಬಿಣ ಕಂಡ ಕಡೆ ನೀರು ನಿಂತರೆ ಸಂಜೆಯೊಳಗೆ ಹೊಸ ಕಿತ್ತಳೆ ತುಕ್ಕು ಮೂಡುತ್ತದೆ. ಈ ಕೆಲಸಕ್ಕೆ ಒಳ್ಳೆ ಬಿಸಿಲಿನ, ಒಣಗಾಳಿಯ ಬೆಳಗ್ಗೆಯೇ ಸರಿ.

ಎಂಜಿನ್ ಪಕ್ಕದಲ್ಲಿ, ಹಿಂದಿನ ಆಕ್ಸಲ್ಲಿನ ಮೇಲೆ ಎಣ್ಣೆ, ಗ್ರೀಸು, ಮಣ್ಣು ಸೇರಿ ಬೆರಳುದಪ್ಪ ಜಿಡ್ಡು ಕಟ್ಟಿರುತ್ತದೆ. ಅದನ್ನು ಕಂಡು ಬೇಸರಪಡಬೇಡಿ. ಟ್ರ್ಯಾಕ್ಟರಿನ ಅತ್ಯುತ್ತಮ ಮೂಲ ಬಣ್ಣ ಹಲವು ಸಲ ಸಿಗುವುದು ಆ ಜಿಡ್ಡಿನ ಅಡಿಯಲ್ಲೇ, ಬಿಸಿಲು ನೀರು ಎರಡೂ ಅಲ್ಲಿಗೆ ಮುಟ್ಟಿರುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆಯದೆ ಬಿದಿರಿನ ಚಕ್ಕೆಯಿಂದಲೋ ಪ್ಲಾಸ್ಟಿಕ್ ಪಟ್ಟಿಯಿಂದಲೋ ಕೆರೆದು, ಉಳಿದ ಪಸೆಯನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರಸಬಹುದು. ಯಾವ ದ್ರವವನ್ನಾದರೂ ಮೊದಲು ಕಾಣದ ಜಾಗದಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯಷ್ಟು ಮುಟ್ಟಿಸಿ ನೋಡಿ. ಕಡ್ಡಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಊರ ಪೇಂಟರ್ ಬರೆದ ಅಕ್ಷರದ ಹತ್ತಿರ ಥಿನ್ನರ್ ಬಾಟಲಿ ತರಲೇಬಾರದು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲೂ ಕೆಂಪು ಪ್ರೈಮರಿನಲ್ಲೂ ಸೀಸ ಇರುವ ಸಾಧ್ಯತೆ ಬಹಳ. ನಮ್ಮಲ್ಲಿ ಸೀಸಕ್ಕೆ ಮಿತಿ ಹಾಕಿದ 2016ರ ನಿಯಮ ಕೂಡ ಮನೆಗೆ, ಅಲಂಕಾರಕ್ಕೆ ಬಳಸುವ ಬಣ್ಣಕ್ಕೆ ಸಂಬಂಧಿಸಿದ್ದು. ಒಣ ಉಪ್ಪುಕಾಗದದಿಂದ ಉಜ್ಜಿದ ಧೂಳು ಮೂಗಿಗೂ ಅಂಗಳಕ್ಕೂ ಹೋಗುತ್ತದೆ, ಆ ಅಂಗಳದಲ್ಲಿ ಮಕ್ಕಳು ಆಡುತ್ತಾರೆ. ಎಲ್ಲಿಯಾದರೂ ಉಜ್ಜಲೇಬೇಕಾದರೆ ಒದ್ದೆ ಮಾಡಿಕೊಂಡು ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೈಗವಸು, ಮಾಸ್ಕ್ ಹಾಕಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಜೀವಂತ ತುಕ್ಕಿಗೆ ಏನು ಮಾಡಬೇಕು? ಬರಿ ತುಕ್ಕಿನ ಜಾಗವಾದರೆ ತೆಳು ಎಣ್ಣೆ ಹಚ್ಚಿ, ಅತಿ ನಯವಾದ ಸ್ಟೀಲ್ ವುಲ್‌ನಿಂದ ಪುಡಿ ಬರುವುದು ನಿಲ್ಲುವ ತನಕ ಮಾತ್ರ ತಿಕ್ಕಿ ಒರಸಿ. ಕೆಳಗಿನ ಗಟ್ಟಿ ಕಂದು ಪದರ ಉಳಿಯುತ್ತದೆ, ಹಕ್ಕಳೆ ಹೋಗುತ್ತದೆ. ಬೆಳ್ಳಿಯಂತೆ ಹೊಳೆಯುವ ತನಕ ತಿಕ್ಕಿದರೆ ಆ ಜಾಗ ಸುತ್ತಲಿನ ಮೈಗೆ ಹೊಂದದೆ ಎದ್ದು ಕಾಣುತ್ತದೆ. ಒಳ್ಳೆಯ ಬಣ್ಣದ ಮೇಲೆ ತುಕ್ಕಿನ ಕಲೆ ಹರಡಿದ್ದರೆ ಕೆಲವರು ತೆಳುವಾದ ಆಕ್ಸಾಲಿಕ್ ಆಮ್ಲ ಬಳಸುತ್ತಾರೆ. ಕಲೆ ಕರಗಿ ಬಣ್ಣ ಕಾಣುತ್ತದೆ. ಆದರೆ ಅದು ವಿಷ, ಕೆಲವು ಬಣ್ಣಗಳನ್ನು ಪೇಲವ ಮಾಡಲೂಬಹುದು. ಪರೀಕ್ಷಿಸದೆ ಇಡೀ ಬಾನೆಟ್ಟಿಗೆ ಹಚ್ಚಬೇಡಿ, ಬಳಸಿದರೆ ಚೆನ್ನಾಗಿ ತೊಳೆದು ಆ ಕ್ಷಣವೇ ಒಣಗಿಸಿ.

ಮ್ಯೂಸಿಯಂನವರು ಕಬ್ಬಿಣದ ವಸ್ತುಗಳಿಗೆ ಬಳಸುವ ಇನ್ನೊಂದು ವಿಧಾನ ಟ್ಯಾನಿಕ್ ಆಮ್ಲ. ಅದು ತುಕ್ಕಿನೊಡನೆ ಸೇರಿ ನೀಲಿಗಪ್ಪು ಬಣ್ಣದ, ನೀರಿಗೆ ಸುಲಭವಾಗಿ ಜಗ್ಗದ ಪದರವಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಬೆರೆಸಿ ಕಾಸುತ್ತಿದ್ದ ಕಪ್ಪು ಶಾಯಿಯ ಹಿಂದಿರುವುದೂ ಕಬ್ಬಿಣ ಮತ್ತು ಟ್ಯಾನಿನ್ನುಗಳ ಇದೇ ಸಂಬಂಧ. ಅಂಗಡಿಯಲ್ಲಿ ‘ರಸ್ಟ್ ಕನ್ವರ್ಟರ್’ ಎಂದು ಸಿಗುವ ಹಲವು ದ್ರವಗಳಲ್ಲಿ ಇರುವುದು ಟ್ಯಾನಿಕ್ ಆಮ್ಲ, ಇಲ್ಲವೇ ಫಾಸ್ಫಾರಿಕ್ ಆಮ್ಲ. ಕಣ್ಣಿಗೆ ಬೀಳದ ಕಡೆ, ಮಡ್ಗಾರ್ಡಿನ ಒಳಮೈ, ಚಾಸಿಯ ಸಂದಿಗಳಲ್ಲಿ ಇದು ತುಂಬ ಒಳ್ಳೆಯದು. ಎದುರಿಗೆ ಕಾಣುವ ಮೈಗೆ ಮಾತ್ರ ಬೇಡ, ಕಂದು ಬಣ್ಣವೆಲ್ಲ ಕಪ್ಪಾಗಿ ತಿರುಗಿದರೆ ಹಿಂದಕ್ಕೆ ತರುವ ದಾರಿಯಿಲ್ಲ.

ಕೊನೆಗೆ ಹೊದಿಕೆ. ಹೆಚ್ಚು ವಾದ ನಡೆಯುವುದು ಇದರ ಬಗ್ಗೆ, ಹೆಚ್ಚು ಟ್ರ್ಯಾಕ್ಟರುಗಳು ಕೆಡುವುದೂ ಇದರಿಂದ.

ನಮ್ಮ ಕಡೆಯ ರೂಢಿ ಡೀಸೆಲ್ ಒರಸುವುದು, ಇಲ್ಲವೇ ಎಂಜಿನ್ನಿಂದ ಇಳಿಸಿದ ಹಳೆ ಆಯಿಲ್ ಬಳಿಯುವುದು. ಒರಸಿದ ದಿನ ಬಣ್ಣ ಎದ್ದು ಬರುತ್ತದೆ. ಡೀಸೆಲ್ ಕೆಲವು ದಿನಗಳಲ್ಲಿ ಬಹುಪಾಲು ಹೋಗಿ, ಉಳಿದ ಜಿಡ್ಡಿಗೆ ಧೂಳು ಹತ್ತುತ್ತದೆ, ಕೆಲವು ರಬ್ಬರ್ ಭಾಗಗಳನ್ನೂ ಡೀಸೆಲ್ ಉಬ್ಬಿಸುತ್ತದೆ. ಹಳೆ ಆಯಿಲಿನಲ್ಲಿ ಮಸಿ, ಲೋಹದ ಚೂರು, ಎಂಜಿನ್ ಉರಿಯಲ್ಲಿ ಹುಟ್ಟಿದ ಆಮ್ಲ ಇರುತ್ತವೆ. ಬಣ್ಣ ಕಪ್ಪಿಡುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ, ಮಳೆಯಲ್ಲಿ ಮಣ್ಣಿಗೆ ಇಳಿಯುತ್ತದೆ. ಇದನ್ನು ಬಿಟ್ಟುಬಿಡಿ.

ಅಮೆರಿಕದ ಹಲವರು ಮೆಚ್ಚುವುದು ಕುದಿಸಿದ ಅಗಸೆ ಎಣ್ಣೆ. ಧಾರವಾಡ, ವಿಜಯಪುರದ ಕಡೆ ಅಗಸಿ ಚಟ್ನಿ ತಿನ್ನುವವರಿಗೆ ಆ ಬೀಜ ಗೊತ್ತು. ಆದರೆ ಬಣ್ಣದ ಅಂಗಡಿಯ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಬೆರೆಸಿರುತ್ತಾರೆ, ಅದನ್ನು ತಿನ್ನುವಂತಿಲ್ಲ. ಈ ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಮಂಕು ಕೆಂಪು ಒಂದೇ ಕೈಗೆ ಗಾಢವಾಗುತ್ತದೆ, ಕಣ್ಣಿಗೆ ಹಬ್ಬ. ಆದರೂ ನಾನು ಬೇಡ ಎನ್ನುತ್ತೇನೆ. ದಪ್ಪ ಹಚ್ಚಿದರೆ ವಾರಗಟ್ಟಲೆ ಅಂಟುತ್ತದೆ, ವರ್ಷ ಕಳೆದಂತೆ ಕಪ್ಪಾಗುತ್ತದೆ, ಥಂಡಿ ಹವೆಯಲ್ಲಿ ಬೂಷ್ಟು ಹಿಡಿಯಬಹುದು, ಗಟ್ಟಿಯಾದ ಮೇಲೆ ತೆಗೆಯಹೊರಟರೆ ಕೆಳಗಿನ ಹಳೆ ಬಣ್ಣವೂ ಅದರ ಜೊತೆ ಬರುತ್ತದೆ. ಇನ್ನೊಂದು ದೊಡ್ಡ ಅಪಾಯವಿದೆ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅವು ತಾವಾಗಿ ಹೊತ್ತಿಕೊಳ್ಳಬಲ್ಲವು, ಹತ್ತಿರ ಬಣವೆ ಇದ್ದರೆ ಮುಗಿದೇ ಹೋಯಿತು. ಬಳಸಿದವರು ಬಟ್ಟೆಯನ್ನು ನೀರಲ್ಲಿ ಮುಳುಗಿಸಿಡಬೇಕು, ಇಲ್ಲವೇ ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು.

ಗ್ಯಾರೇಜಿನವರು ಹೇಳುವುದು ಕ್ಲಿಯರ್ ಕೋಟ್. ತುಕ್ಕಿನ ರಂಧ್ರಗಳಲ್ಲಿ ಪಸೆ ಇದ್ದೇ ಇರುತ್ತದೆ. ಅದನ್ನು ಒಳಗೆ ಬಿಟ್ಟು ಮೇಲೆ ವಾರ್ನಿಷ್ ಮುಚ್ಚಿದರೆ ತುಕ್ಕು ಒಳಗೊಳಗೇ ಹರಿದು, ಒಂದೆರಡು ಮಳೆಗಾಲದಲ್ಲಿ ಪೊರೆ ಎದ್ದು ಬಿಳಿಬಿಳಿಯಾಗಿ ಸುಲಿಯುತ್ತದೆ. ಆಗ ಉಳಿಯುವ ದಾರಿ ಒಂದೇ, ಎಲ್ಲವನ್ನೂ ಉಜ್ಜಿ ತೆಗೆಯುವುದು. ಎರಡು ದ್ರವ ಬೆರೆಸಿ ಹೊಡೆಯುವ ಕ್ಲಿಯರ್ ಕೋಟಿನಲ್ಲಿ ಐಸೊಸಯನೇಟ್ ಇರುವುದರಿಂದ ಹೊಡೆಯುವವನ ಶ್ವಾಸಕೋಶಕ್ಕೂ ಕೇಡು.

ನನ್ನ ಆಯ್ಕೆ ಮೇಣ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೂಪುಗೊಂಡ ರಿನೈಸಾನ್ಸ್ ವ್ಯಾಕ್ಸ್ ಎಂಬ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ವಸ್ತುಸಂಗ್ರಹಾಲಯಗಳು ಇಂದಿಗೂ ಬಳಸುತ್ತವೆ. ಅದು ದುಬಾರಿ ಎನಿಸಿದರೆ ಉಜ್ಜುವ ಪುಡಿ ಬೆರೆಸದ ಸಾದಾ ಕಾರ್ ವ್ಯಾಕ್ಸ್ ಸಾಕು. ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದರಲ್ಲಿ ಉಜ್ಜುವ ಅಂಶ ಇರುತ್ತದೆ, ಅದು ಬೇಡ. ಮೇಣ ತರಿತರಿ ಮೈಯ ತಗ್ಗುಗಳನ್ನು ತುಂಬಿ, ಚದುರುತ್ತಿದ್ದ ಬೆಳಕನ್ನು ಕಡಿಮೆ ಮಾಡುವುದರಿಂದ ಒಂದು ಚೂರೂ ಬಣ್ಣ ತೆಗೆಯದೆ ಕೆಂಪು ಮರಳಿ ಕಾಣುತ್ತದೆ. ಮೇಲೆ ನೀರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಬೇಡ ಎನಿಸಿದರೆ ಟರ್ಪೆಂಟೈನಿನಿಂದ ಮೆಲ್ಲಗೆ ಒರಸಿ ತೆಗೆಯಬಹುದು. ಎಳೆ ಬಿಸಿಲಿಗೆ ತಗಡು ಬೆಚ್ಚಗಾದಾಗ ತೀರ ತೆಳುವಾಗಿ ಹಚ್ಚಿ, ಮೂಲೆಗಳಿಗೆ ಹಳೆ ಶೇವಿಂಗ್ ಬ್ರಷ್ಷಿನಿಂದ ತುಂಬಿ, ಒಣಗಿದ ಮೇಲೆ ಹತ್ತಿ ಬಟ್ಟೆಯಿಂದ ಒರಸಿ. ಮುಂಗಾರಿಗೆ ಮುಂಚೆ ಒಮ್ಮೆ, ದಸರೆ ಹೊತ್ತಿಗೆ ಒಮ್ಮೆ ಹಚ್ಚಿದರೆ ನೆರಳಲ್ಲಿ ನಿಲ್ಲುವ ಟ್ರ್ಯಾಕ್ಟರಿಗೆ ಸಾಕಾಗುತ್ತದೆ, ಹೊಲಕ್ಕೆ ಹೋಗುವುದಕ್ಕೆ ಇನ್ನೂ ಬೇಗ ಬೇಕು. ಸೈಲೆನ್ಸರ್, ಮ್ಯಾನಿಫೋಲ್ಡಿನ ಬಿಸಿಗೆ ಮೇಣ ನಿಲ್ಲದು, ಅವುಗಳ ತುಕ್ಕು ಬಣ್ಣವನ್ನು ಹಾಗೇ ಬಿಡಿ. ಸೈಲೆನ್ಸರ್ ಬಾಯಿಗೆ ಡಬ್ಬಿ ಮುಚ್ಚುವುದನ್ನು ಮಾತ್ರ ಮರೆಯಬೇಡಿ. ಬೀಡು ಕಬ್ಬಿಣದ ಗೇರ್ ಬಾಕ್ಸು, ಲಿಫ್ಟ್ ಕೈಗಳು, ಕೊಕ್ಕೆಗಳಿಗೆ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಸ್ಪ್ರೇ ಚೆನ್ನಾಗಿ ಹಿಡಿಯುತ್ತದೆ. ಅದನ್ನೇ ಮಡ್ಗಾರ್ಡಿನ ಮಡಿಕೆ, ಟ್ಯಾಂಕಿನ ಅಡಿ, ಬಾನೆಟ್ಟಿನ ಒಳಪಟ್ಟಿಗಳ ಸಂದಿಗೂ ಹೊಡೆಯಬಹುದು.

ಹೊರಮೈಗಿಂತ ಈ ಒಳಸಂದಿಗಳೇ ಬೇಗ ತಿಂದುಹೋಗುತ್ತವೆ. ಮಡ್ಗಾರ್ಡಿನ ಒಳಗೆ ಅಂಟಿದ ಎರೆಮಣ್ಣು ಒದ್ದೆ ಪಟ್ಟಿ ಕಟ್ಟಿದಂತೆ ತೇವವನ್ನು ತಿಂಗಳುಗಟ್ಟಲೆ ತಗಡಿಗೆ ಒತ್ತಿ ಹಿಡಿದಿರುತ್ತದೆ. ಗದ್ದೆ ಕೆಲಸ ಮುಗಿದ ದಿನವೇ ಅದನ್ನು ಕೆರೆದು ತೆಗೆಯಬೇಕು. ಬ್ಯಾಟರಿ ಇಡುವ ತಟ್ಟೆಯ ತುಕ್ಕಿಗೆ ಯಾವ ಮರುಕವೂ ಬೇಡ. ಅದು ಆಮ್ಲದ್ದು, ಪಟಿನಾ ಅಲ್ಲ. ಬ್ಯಾಟರಿ ಇಳಿಸಿ, ಅಡುಗೆ ಸೋಡದ ನೀರು ಹಾಕಿ ನೊರೆ ನಿಲ್ಲುವ ತನಕ ತೊಳೆದು, ಒಣಗಿಸಿ, ಒಳ್ಳೆಯ ಪ್ರೈಮರ್ ಬಣ್ಣ ಹೊಡೆಯಿರಿ.

ಆಯುಧಪೂಜೆಯ ವಿಚಾರವನ್ನೂ ಹೇಳಬೇಕು. ಬಾನೆಟ್ಟಿಗೆ ಇಟ್ಟ ಅರಿಸಿನ ಕುಂಕುಮ, ವಿಭೂತಿ ಪಟ್ಟೆ ಹಳೆ ಟ್ರ್ಯಾಕ್ಟರಿಗೆ ಶೋಭೆ, ಅವು ಇರಲಿ. ಹಾನಿ ಮಾಡುವುದು ನಿಂಬೆಹಣ್ಣಿನ ರಸ, ಬೂದುಗುಂಬಳದ ನೀರು, ತಂತಿಯಲ್ಲಿ ಬಿಗಿದು ವಾರಗಟ್ಟಲೆ ಕೊಳೆಯಲು ಬಿಟ್ಟ ಹೂಹಾರ. ಪೂಜೆಯ ಮರುದಿನ ಹಸಿಬಟ್ಟೆಯಿಂದ ಹುಳಿ ಒರಸಿ ಒಣಗಿಸಿ, ಹಾರ ಬಿಚ್ಚಿ. ಹಾರ ಕಟ್ಟಲು ತಂತಿಯ ಬದಲು ನೂಲು ಬಳಸಿದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಪೂಜೆಗೆ ಮುಂಚೆಯೇ ಮೇಣ ಹಚ್ಚಿದ್ದರೆ ಇವೆಲ್ಲ ಸುಲಭ.

ನಿಲ್ಲಿಸುವ ಜಾಗ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದೂ ನೀರಿನಲ್ಲಿ ಹೋಮ. ಯೂರಿಯ, ಪೊಟ್ಯಾಷ್ ಚೀಲಗಳ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸಬೇಡಿ. ರಸಗೊಬ್ಬರ ಗಾಳಿಯ ತೇವ ಎಳೆದುಕೊಂಡು ಕಬ್ಬಿಣಕ್ಕೆ ಕೊಡುತ್ತದೆ, ಪೊಟ್ಯಾಷಿನ ಕ್ಲೋರೈಡ್ ತುಕ್ಕಿನ ವೇಗ ಹೆಚ್ಚಿಸುತ್ತದೆ. ದನದ ಗಂಜಲದ ನೆಲವೂ ಹಾಗೆಯೇ. ಕೋಳಿ, ಪಾರಿವಾಳದ ಹಿಕ್ಕೆ ಬಣ್ಣವನ್ನು ಸುಡುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ್ ಬಿಗಿದು ಕಟ್ಟಿದರೆ ರಾತ್ರಿಯ ತೇವ ಒಳಗೇ ಇಳಿದು ಹನಿಯಾಗುತ್ತದೆ, ಅದಕ್ಕಿಂತ ನಾಲ್ಕು ಕಂಬದ ಮೇಲಿನ ಶೀಟು, ಸುತ್ತ ಗಾಳಿ ಮೇಲು. ಮಲೆನಾಡು ಕರಾವಳಿಯವರು ಕಾಂಕ್ರೀಟು ಅಥವಾ ಕಲ್ಲುಹಾಸಿನ ನೆಲ ಮಾಡಿಸಿಕೊಳ್ಳಿ, ಬಯಲುಸೀಮೆಯವರು ನೆರಳಿಗೆ ಹೆಚ್ಚು ಗಮನ ಕೊಡಿ.

ಹಳೆಮೈಯ ನೆಪದಲ್ಲಿ ಬ್ರೇಕು, ಟೈರು, ಸ್ಟಿಯರಿಂಗ್ ಜಾಯಿಂಟು, ವೈರಿಂಗು, ಡೀಸೆಲ್ ಪೈಪು, ಪಿ.ಟಿ.ಒ. ಕವಚಗಳನ್ನು ಹಳತಾಗಿ ಬಿಡುವುದು ಸಲ್ಲ. ಅವೆಲ್ಲ ಹೊಸದಾಗಿರಲಿ. ಬದಲಿಸಿದ ಮೂಲ ಭಾಗ ಗುಜರಿಗೆ ಹಾಕದೆ ಹೆಸರು ಬರೆದು ಎತ್ತಿಡಿ. ತಗಡು ತೂತಾಗಿದ್ದರೆ ಬೆಸುಗೆ ಹಾಕಿಸಲೇಬೇಕು. ಬೆಸುಗೆಯ ಬಿಸಿಗೆ ಸುತ್ತಲಿನ ಬಣ್ಣ ಸುಡುತ್ತದಾದ್ದರಿಂದ ಸುತ್ತ ಒದ್ದೆ ಬಟ್ಟೆ ಇಟ್ಟು, ಚುಕ್ಕೆ ಚುಕ್ಕೆಯಾಗಿ ಹಾಕಲು ಮೊದಲೇ ಹೇಳಿ. ಆ ತೇಪೆಗಷ್ಟೇ ಹತ್ತಿರದ ಮಂಕು ಬಣ್ಣ ಹೊಡೆಸಿದರೆ ಸಾಕು. ಹೊಸ ತೇಪೆಯನ್ನು ಹಳೆಯದೆಂದು ನಂಬಿಸಲು ಕೃತಕವಾಗಿ ತುಕ್ಕು ಹಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಮೂಲ ಬಣ್ಣ ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟೇ ಉಳಿದು, ಬಾನೆಟ್ಟು ಮಡ್ಗಾರ್ಡೆಲ್ಲ ಬೇರೆ ಗಾಡಿಯವಾಗಿದ್ದರೆ, ಅಡಿಯಿಂದ ಮುಡಿತನಕ ಪುಟ್ಟಿಯೇ ಇದ್ದರೆ, ಉಳಿಸುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಅಂಥದಕ್ಕೆ ಧಾರಾಳವಾಗಿ ಹೊಸ ಬಣ್ಣ ಹೊಡೆಸಿ.

ಉಳಿಸಿದವರು ಒಂದು ಸಣ್ಣ ನೋಟ್‌ಬುಕ್ ಇಡಿ. ಯಾವ ದಿನ ಯಾವ ಮೇಣ ಹಚ್ಚಿದಿರಿ, ಎಲ್ಲಿ ಟ್ಯಾನಿಕ್ ಆಮ್ಲ ಬಳಸಿದಿರಿ, ಯಾವ ತೇಪೆ ಹೊಸದು ಎಂದು ಬರೆದು ಆರ್.ಸಿ. ಪುಸ್ತಕದ ಜೊತೆಗೆ ಕಟ್ಟಿಡಿ. ಮುಂದೆ ಅದನ್ನು ನೋಡಿಕೊಳ್ಳುವ ಮಗನಿಗೋ ಮಗಳಿಗೋ, ಕೊಂಡುಕೊಳ್ಳುವವರಿಗೋ ಮೇಲಿನ ಪದರವನ್ನು ಯಾವುದರಿಂದ ತೆಗೆಯಬಹುದು, ಯಾವುದರಿಂದ ತೆಗೆಯಬಾರದು ಎಂಬುದು ಆ ಪುಟದಿಂದಲೇ ತಿಳಿಯಬೇಕು.